ಸರ್ವರ್ ನಮ್ಮದು, ಬೀಗದ ಕೈ ಯಾರದು?

ಹಳೆಯ ಮೆಸೇಜ್ ಒಂದನ್ನು ಹುಡುಕುತ್ತಿದ್ದೆ. ಎರಡು ವರ್ಷದ ಹಿಂದೆ ಒಬ್ಬ ಗ್ರಾಹಕರ ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸುವಾಗ ಒಂದು ತೊಡಕು ಬಂದಿತ್ತು. ಆಗ ನಮ್ಮ ಜೊತೆಗಿದ್ದ ಸಹೋದ್ಯೋಗಿಯೊಬ್ಬಳು ರಾತ್ರಿ ಕೂತು ಅದನ್ನು ಬಿಡಿಸಿದ್ದಳು. ಹೇಗೆ ಬಿಡಿಸಿದಳು ಅನ್ನೋದನ್ನು ಆಫೀಸಿನ ಚಾಟ್‌ನಲ್ಲೇ ಒಂದೊಂದು ಹಂತವಾಗಿ ಬರೆದಿಟ್ಟಿದ್ದಳು. ಅವಳು ಈಗ ಬೇರೆ ಕಡೆ ಇದ್ದಾಳೆ. ಅದೇ ತೊಡಕು ಮತ್ತೆ ಬಂತು. ಹುಡುಕಿದರೆ, ಇಷ್ಟು ಹಳೆಯ ಮೆಸೇಜ್ ನೋಡಬೇಕಾದರೆ ಹಣ ಕಟ್ಟಿ ಅನ್ನೋ ಪೆಟ್ಟಿಗೆ ತೆರೆದುಕೊಂಡಿತು. ಮೆಸೇಜ್ ಅಲ್ಲೇ ಇತ್ತು. ಬರೆದವರು ನಾವೇ. ನಮಗೇ ಕಾಣಿಸುತ್ತಿರಲಿಲ್ಲ.

ಅದೇ ತಿಂಗಳು ಮನೆಯಲ್ಲೂ ಒಂದು ಆಯಿತು. ಅಮ್ಮನ ಫೋನ್ ಕೆಟ್ಟಿತು. ಅವಳ ನಂಬರ್ ಕೂಡ ಸ್ವಲ್ಪ ದಿನದ ಹಿಂದಷ್ಟೇ ಬದಲಾಗಿತ್ತು. ಮನೆಯವರೆಲ್ಲ ಬಳಸುತ್ತಿದ್ದ ಆಪ್‌ನಲ್ಲಿ ಖಾತೆ ತೆರೆಯಲು ಹಳೆಯ ನಂಬರ್‌ಗೆ ಬರುವ ಒಟಿಪಿ ಬೇಕಿತ್ತು. ಆ ನಂಬರ್ ನಮ್ಮ ಕೈಯಲ್ಲಿ ಇಲ್ಲ. ಆರು ವರ್ಷದ ಮಾತು, ಫೋಟೊ ಎಲ್ಲ ಹೋದವು. ಅಮ್ಮ ಜಾಸ್ತಿ ಏನೂ ಹೇಳಲಿಲ್ಲ. "ಹೋದರೆ ಹೋಗಲಿ ಬಿಡು" ಅಂದಳು. ಆ ಮಾತು ನನ್ನನ್ನು ಬಿಡಲಿಲ್ಲ.

ಎರಡಕ್ಕೂ ಒಂದೇ ಮದ್ದು ಅಂದುಕೊಂಡೆ. ಸ್ವಂತ ಸರ್ವರ್‌ನಲ್ಲಿ, ಅಂದರೆ ನಾವೇ ನೋಡಿಕೊಳ್ಳುವ ಕಂಪ್ಯೂಟರ್‌ನಲ್ಲಿ, ನಡೆಯುವ ಮೆಸೇಜಿಂಗ್ ಆಪ್. ಆಫೀಸಿನ ಒಂಬತ್ತು ಜನ, ಮನೆಯ ಆರು ಜನ, ಎಲ್ಲರೂ ಒಂದೇ ಕಡೆ. ಲಿನಕ್ಸ್ ಸರ್ವರ್ ನೋಡಿಕೊಳ್ಳೋದು ನನಗೆ ಹೊಸದಲ್ಲ. ಎರಡು ವಾರಾಂತ್ಯದಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಒಂದರ ಬದಲು ಎರಡು ಸರ್ವರ್ ಆದವು.

ಶುರುವಿನಲ್ಲಿ ಒಂದು ಹಾಳೆಯ ಮೇಲೆ ನನಗೆ ಬೇಕಾದದ್ದನ್ನು ಬರೆದುಕೊಂಡೆ. ಹಳೆಯ ಮಾತು ಹುಡುಕಿದರೆ ಸಿಗಬೇಕು. ಡೇಟಾ ಪೂರ್ತಿ ಹೊರಗೆ ತೆಗೆಯಲು ಬರಬೇಕು. ಫೋನ್ ಜೇಬಿನಲ್ಲಿದ್ದಾಗ ಮೆಸೇಜ್ ಬಂದರೆ ಸದ್ದಾಗಬೇಕು. ಅಮ್ಮ ನನ್ನ ಸಹಾಯ ಇಲ್ಲದೆ ಒಳಗೆ ಬರುವಂತಿರಬೇಕು. ನಾನು ಒಂದು ವಾರ ಜ್ವರ ಬಂದು ಮಲಗಿದರೂ ಅದು ನಡೆಯುತ್ತಿರಬೇಕು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ಮುಖ್ಯ ಪ್ರಶ್ನೆಯೇ ಇಲ್ಲ. ಅದು ಹೊಳೆಯಲು ಮೂರು ತಿಂಗಳು ಬೇಕಾಯಿತು.

ಮೊದಲು ಕೆಲವನ್ನು ಪಕ್ಕಕ್ಕಿಟ್ಟೆ. ಟೆಲಿಗ್ರಾಂನ ಸರ್ವರ್ ಕೋಡ್ ಹೊರಗೆ ಬಿಟ್ಟಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರಲಿಲ್ಲ. ಸಿಗ್ನಲ್‌ನ ಸರ್ವರ್ ಕೋಡ್ ಸಿಗುತ್ತದೆ, ನಿಜ. ಆದರೆ ನಾವು ಸ್ವಂತ ಸರ್ವರ್ ಎಬ್ಬಿಸಿದರೆ ಎಲ್ಲರ ಹತ್ತಿರ ಇರುವ ಸಿಗ್ನಲ್ ಆಪ್ ಅದರ ಜೊತೆ ಮಾತಾಡುವುದಿಲ್ಲ. ಅದನ್ನು ಕಟ್ಟಿರೋದೇ ಒಂದೇ ಸರ್ವರ್‌ಗೆ. ಡೆಲ್ಟಾ ಚಾಟ್ ನನಗೆ ತುಂಬ ಇಷ್ಟವಾಯಿತು. ಅದರಲ್ಲಿ ಒಂದೊಂದು ಮೆಸೇಜೂ ಒಂದು ಇಮೇಲ್, ಹಾಗಾಗಿ ಇಮೇಲ್ ಸರ್ವರ್ ಇದ್ದರೆ ಸಾಕು. ಆದರೆ ಆಫೀಸಿಗೆ ನಾಳೆ ಹೊಸಬರು ಸೇರಿದರೆ, ನಿನ್ನೆಯ ಮಾತು ಅವರಿಗೆ ಸಿಗುವುದಿಲ್ಲ. ನನಗೆ ಬೇಕಾಗಿದ್ದೇ ಆ ನಿನ್ನೆಯ ಮಾತು.

ಉಳಿದದ್ದರಲ್ಲಿ ಮನಸ್ಸು ಮೊದಲು ಹೋಗಿದ್ದು ಮ್ಯಾಟ್ರಿಕ್ಸ್ ಕಡೆಗೆ. ಸರ್ವರ್‌ಗಳ ನಡುವೆ ಮೆಸೇಜ್ ಸಾಗಿಸುವ ಒಂದು ತೆರೆದ ಪದ್ಧತಿ, 2014ರಲ್ಲಿ ಶುರುವಾದದ್ದು. ಇಮೇಲ್ ಹಾಗೆ, ನನ್ನ ಸರ್ವರ್‌ನಲ್ಲಿರುವವರು ಬೇರೆಯವರ ಸರ್ವರ್‌ನಲ್ಲಿರುವವರ ಜೊತೆ ಮಾತಾಡಬಹುದು. ಫ್ರಾನ್ಸ್ ಸರ್ಕಾರದ ನೌಕರರು ಬಳಸುವ ಚಾಪ್, ಜರ್ಮನಿಯ ಸೈನ್ಯದ ಮೆಸೆಂಜರ್, ಎರಡೂ ಇದರ ಮೇಲೇ ನಿಂತಿವೆ. ಇಷ್ಟು ದೊಡ್ಡವರು ನಂಬಿದ್ದು ನಮಗೂ ಆಗುತ್ತೆ ಅಲ್ವಾ ಅಂತ ಅದರ ಸಿನಾಪ್ಸ್ ಅನ್ನೋ ಸರ್ವರ್ ತಂತ್ರಾಂಶ ಹಾಕಿದೆ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಫೋನ್‌ಗಳಲ್ಲಿ ಎಲಿಮೆಂಟ್ ಆಪ್.

ಹಾಕುವಾಗ ಒಂದು ವಿಷಯಕ್ಕೆ ಅರ್ಧ ದಿನ ಯೋಚಿಸಿದೆ. ಅದು ಡೊಮೇನ್ ಹೆಸರು, ಅಂದರೆ ಇಂಟರ್ನೆಟ್‌ನಲ್ಲಿ ಸರ್ವರ್‌ನ ವಿಳಾಸ. ಸಿನಾಪ್ಸ್‌ನಲ್ಲಿ ಸರ್ವರ್ ಹೆಸರು ಪ್ರತಿಯೊಬ್ಬರ ಗುರುತಿನ ಒಳಗೇ ಸೇರಿಕೊಳ್ಳುತ್ತದೆ. ಆಮೇಲೆ ಬದಲಿಸಲು ಬರುವುದಿಲ್ಲ. ಬದಲಿಸಬೇಕಾದರೆ ಹೊಸದಾಗಿಯೇ ಶುರುಮಾಡಬೇಕು. ನೀವೂ ಈ ಕೆಲಸಕ್ಕೆ ಇಳಿಯುವುದಾದರೆ, ಪ್ರಯೋಗಕ್ಕೆ ಅಂತ ಯಾವುದೋ ಹೆಸರು ಕೊಟ್ಟು ಶುರುಮಾಡಬೇಡಿ. ಪ್ರಯೋಗವೇ ನಿಜವಾಗಿಬಿಡುತ್ತದೆ.

ಮೊದಲ ವಾರ ಚೆನ್ನಾಗಿತ್ತು. ಆಮೇಲೆ ನಾನು ಸುಮ್ನೆ ಕುತೂಹಲಕ್ಕೆ ಸಾವಿರಾರು ಜನ ಇರುವ ಒಂದು ಸಾರ್ವಜನಿಕ ಕೋಣೆಗೆ, ಅಂದರೆ ಚಾಟ್ ಗುಂಪಿಗೆ, ಸೇರಿದೆ. ಮ್ಯಾಟ್ರಿಕ್ಸ್‌ನಲ್ಲಿ ಒಂದು ಕೋಣೆ ಒಂದೇ ಸರ್ವರ್‌ನಲ್ಲಿ ಇರುವುದಿಲ್ಲ. ಅದರಲ್ಲಿ ಭಾಗವಹಿಸುವ ಪ್ರತಿ ಸರ್ವರ್‌ಗೂ ಅದರ ಒಂದು ಪ್ರತಿ ಬರುತ್ತದೆ. ಯಾರು ಸೇರಿದರು, ಯಾರು ಬಿಟ್ಟರು ಅನ್ನೋದೂ ಅದರ ಜೊತೆಗೇ ಬರುತ್ತದೆ. 2 ಜಿಬಿ ಮೆಮೊರಿಯ ನನ್ನ ಸಣ್ಣ ಸರ್ವರ್ ಏದುಸಿರು ಬಿಡತೊಡಗಿತು. ಒಬ್ಬನ ಕುತೂಹಲಕ್ಕೆ ಹದಿನೈದು ಜನರ ಮೆಸೇಜ್ ನಿಧಾನವಾಯಿತು. ಕೋಣೆ ಬಿಟ್ಟೆ, ಹೊರಗಿನ ಸರ್ವರ್‌ಗಳ ಜೊತೆಗಿನ ಸಂಪರ್ಕವನ್ನೂ ಸದ್ಯಕ್ಕೆ ಮುಚ್ಚಿದೆ.

ದಾರಿ ಬದಲಿಸಿದ್ದು ಅದಲ್ಲ. ಕೀಲಿಯ ವಿಷಯ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅಂದರೆ ನಡುವಿನ ಸರ್ವರ್‌ಗೂ ಓದಲು ಬಾರದ ಹಾಗೆ ಮೆಸೇಜಿಗೆ ಬೀಗ ಹಾಕೋದು. ಅದು ಇದ್ದಾಗ, ಮೆಸೇಜ್ ಬಿಚ್ಚುವ ಕೀಲಿ ಬಳಸುವವರ ಕೈಯಲ್ಲೇ ಇರುತ್ತದೆ. ಫೋನ್ ಕಳೆದರೆ ಹಳೆಯ ಮೆಸೇಜ್ ತೆರೆಯಲು ಒಂದು ರಿಕವರಿ ಕೀ ಕೊಡುತ್ತಾರೆ. ನಾಲ್ಕು ನಾಲ್ಕು ಅಕ್ಷರದ ಹನ್ನೆರಡು ಗುಂಪು, ಒಟ್ಟು 48 ಅಕ್ಷರ. ಇದನ್ನು ಒಂದು ಕಡೆ ಬರೆದಿಟ್ಟುಕೋ ಅಂತ ಅಮ್ಮನಿಗೆ ಹೇಳಿದೆ. ಅವಳು ನೋಟ್‌ಬುಕ್ ತೆಗೆದು, ಕನ್ನಡಕ ಹಾಕಿಕೊಂಡು ಕೂತಳು. ಫೋನ್ ನೋಡುತ್ತಾಳೆ, ಒಂದು ಗುಂಪು ಬರೆಯುತ್ತಾಳೆ, ಮತ್ತೆ ನೋಡುತ್ತಾಳೆ. ಅಷ್ಟರಲ್ಲಿ ಸ್ಕ್ರೀನ್ ಆರುತ್ತದೆ. "ಇದು ದೊಡ್ಡ ಅಕ್ಷರವೋ ಚಿಕ್ಕದೋ?" ಅಂತ ಕೇಳುತ್ತಾಳೆ. ಇಪ್ಪತ್ತು ನಿಮಿಷ ಆಯಿತು. ಬರೆದದ್ದನ್ನು ಹಾಕಿ ನೋಡಿದರೆ ಕೀ ತಪ್ಪು ಅಂತ ಬಂತು. ಎಲ್ಲಿ ತಪ್ಪಿದೆ ಅನ್ನೋದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಫೀಸಿನಲ್ಲಿ ಇದೇ ಬೀಗ ಬೇರೆ ಥರ ಕಾಡಿತು. ಎನ್‌ಕ್ರಿಪ್ಟ್ ಆದ ಕೋಣೆಗೆ ಹೊಸದಾಗಿ ಸೇರಿಸಿದ ಹುಡುಗನಿಗೆ ಹಿಂದಿನ ಮೆಸೇಜ್‌ಗಳ ಜಾಗದಲ್ಲಿ ಬರೀ ಬೀಗದ ಗುರುತು ಕಾಣಿಸುತ್ತಿತ್ತು. ಅವನು ಬರುವ ಮುಂಚಿನ ಮಾತಿನ ಕೀಲಿ ಅವನ ಹತ್ತಿರ ಇಲ್ಲ. ಎನ್‌ಕ್ರಿಪ್ಷನ್ ಇರಬೇಕಾದದ್ದೇ ಹಾಗೆ. ಆದರೆ ನಾನು ಈ ಕೆಲಸ ಶುರುಮಾಡಿದ್ದೇ ಹಳೆಯ ಮಾತು ಕಾಣಲಿ ಅಂತ. ಎನ್‌ಕ್ರಿಪ್ಷನ್ ಇಲ್ಲದ ಕೋಣೆ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ. ಹಾಗೆ ಮಾಡುವುದಾದರೆ ಆಫೀಸಿಗೆ ಅಂತಲೇ ಕಟ್ಟಿದ ಆಪ್‌ಗಳನ್ನೂ ಒಮ್ಮೆ ನೋಡೋಣ ಅನ್ನಿಸಿತು.

ಅದಕ್ಕೂ ಮುಂಚೆ ನೋಟಿಫಿಕೇಶನ್ ಬಗ್ಗೆ ಹೇಳಬೇಕು. ಸ್ವಂತ ಸರ್ವರ್ ಅಂದಾಗ ಯಾರೂ ಮೊದಲು ಯೋಚಿಸದ ಜಾಗ ಇದು. ನನ್ನ ಅರ್ಧ ಸಮಯ ಹೋಗಿದ್ದೂ ಇಲ್ಲೇ.

ಐಫೋನ್‌ನಲ್ಲಿ ಒಂದು ಆಪ್ ಹಿಂದೆ ಕೂತು ಸರ್ವರ್ ಜೊತೆ ಸದಾ ಸಂಪರ್ಕ ಹಿಡಿದುಕೊಂಡಿರಲು ಆಪಲ್ ಬಿಡುವುದಿಲ್ಲ. ಹೊಸ ಮೆಸೇಜ್ ಬಂದಿದೆ ಅನ್ನೋ ಸುದ್ದಿ ಆಪಲ್‌ನ ಪುಶ್ ಸೇವೆಯಿಂದಲೇ ಬರಬೇಕು. ಆ ಸೇವೆ ಆಪ್ ಪ್ರಕಟಿಸಿದವರ ಕೀಲಿ ಇದ್ದರೆ ಮಾತ್ರ ಸುದ್ದಿ ತೆಗೆದುಕೊಳ್ಳುತ್ತದೆ. ಅಂದರೆ ನನ್ನ ಸರ್ವರ್ ನೇರವಾಗಿ ತಂಗಿಯ ಐಫೋನನ್ನು ಎಬ್ಬಿಸಲಾರದು. ಅದು ಆಪ್ ಮಾಡಿದವರ ಸರ್ವರ್‌ಗೆ ಹೇಳಬೇಕು, ಅವರು ಆಪಲ್‌ಗೆ ಹೇಳಬೇಕು, ಆಪಲ್ ಫೋನನ್ನು ಎಬ್ಬಿಸಬೇಕು. ಇದನ್ನು ತಪ್ಪಿಸಬೇಕಾದರೆ ಆಪನ್ನು ನಾವೇ ಕಟ್ಟಿ, ನಮ್ಮ ಹೆಸರಿನಲ್ಲಿ ಹಾಕಿ, ನಮ್ಮ ಕೀಲಿ ಬಳಸಬೇಕು. ಹದಿನೈದು ಜನರಿಗೆ ಅಷ್ಟು ಮಾಡೋದು ನನ್ನ ಕೈಲಾಗದ ಕೆಲಸ.

ಹಾಗಾಗಿ ನಾನು ಪ್ರಶ್ನೆಯನ್ನೇ ಬದಲಿಸಿದೆ. ಸುದ್ದಿ ಹೊರಗಿನವರ ಕೈ ಮೇಲೆ ಹೋಗೋದು ಖಚಿತ. ಅದರೊಳಗೆ ಏನಿರುತ್ತದೆ? ಮೆಸೇಜಿನ ಮಾತೇ ಇರುತ್ತದೋ, ಅಥವಾ "ಏನೋ ಬಂದಿದೆ, ಎದ್ದು ನೋಡು" ಅನ್ನೋದಷ್ಟೇ ಇರುತ್ತದೋ? ಮ್ಯಾಟ್ರಿಕ್ಸ್‌ನಲ್ಲಿ ಬರೀ ಮೆಸೇಜಿನ ಗುರುತು ಸಂಖ್ಯೆ ಕಳಿಸುವ ದಾರಿ ಇದೆ. ಮುಂದೆ ಹೇಳುವ ಜೂಲಿಪ್ ಅನ್ನೋ ಆಫೀಸಿನ ಆಪ್‌ನಲ್ಲಿ ಮಾತನ್ನು ಅಳಿಸಿ ಕಳಿಸುವ ಸೆಟ್ಟಿಂಗ್ ಇದೆ. ಯಾವ ಆಪ್ ನೋಡಿದರೂ ಇದನ್ನು ಮೊದಲು ಹುಡುಕಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಪುಶ್ ಸೇವೆಯೂ ಹೀಗೇ. ಆದರೆ ಅಲ್ಲಿ ಆಪ್ ತಾನೇ ಸಂಪರ್ಕ ಹಿಡಿದುಕೊಂಡು ಕೂರಬಹುದು, ಫೋನಿನ ಬ್ಯಾಟರಿ ಸೆಟ್ಟಿಂಗ್ ಬಿಟ್ಟರೆ. ಎರಡು ವಾರ ನಾನೊಂದು ಪಟ್ಟಿ ಇಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲರಿಗೂ ಒಂದೊಂದು ಮೆಸೇಜ್ ಕಳಿಸೋದು, ಯಾರ ಫೋನ್ ಯಾವಾಗ ಸದ್ದು ಮಾಡಿತು ಅಂತ ಕೇಳಿ ಬರೆಯೋದು. ಚಿಕ್ಕಪ್ಪನ ಫೋನ್‌ನಲ್ಲಿ ಮಾತ್ರ, ಸ್ಕ್ರೀನ್ ಆರಿ ಹತ್ತು ನಿಮಿಷ ಆದ ಮೇಲೆ ಏನೂ ಬರುತ್ತಿರಲಿಲ್ಲ. ಅವರು ಫೋನ್ ಕೈಗೆತ್ತಿಕೊಂಡ ತಕ್ಷಣ ಐದಾರು ಮೆಸೇಜ್ ಒಟ್ಟಿಗೆ ಬಂದು ಬೀಳುತ್ತಿದ್ದವು. ಆ ಫೋನ್ ಮಾಡಿದವರು ಬ್ಯಾಟರಿ ಉಳಿಸಲು ಹಿಂದೆ ನಡೆಯುವ ಆಪ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ಆ ಸೆಟ್ಟಿಂಗ್ ಮೂರು ಬೇರೆ ಬೇರೆ ಜಾಗದಲ್ಲಿತ್ತು. ಮೂರನ್ನೂ ತೆಗೆದ ಮೇಲೆ ಸರಿಹೋಯಿತು.

ಇನ್ನು ಆಫೀಸಿನ ಆಪ್‌ಗಳು. ರಾಕೆಟ್ ಚಾಟ್ ನೋಡಿದೆ. ಅದಕ್ಕೆ ಮೊಂಗೊಡಿಬಿ ಅನ್ನೋ ಡೇಟಾಬೇಸ್ ಬೇಕು. ಅದನ್ನು ನೋಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ, ಬಿಟ್ಟೆ. ಮ್ಯಾಟರ್‌ಮೋಸ್ಟ್ ಹಾಕೋದು ಸುಲಭ, ಹಿಂದೆ ನಮಗೆ ಗೊತ್ತಿರುವ ಪೋಸ್ಟ್‌ಗ್ರೆಸ್ಸೇ ಇರುತ್ತದೆ. ಒಂದು ವಾರ ಎಲ್ಲರೂ ಬಳಸಿದೆವು, ಯಾರೂ ದೂರಲಿಲ್ಲ. ಅಲ್ಲೇ ನಿಂತುಬಿಡುತ್ತಿದ್ದೆವೋ ಏನೋ. ಆದರೆ ಜೂಲಿಪ್ ಒಂದನ್ನು ನೋಡದೆ ತೀರ್ಮಾನ ಮಾಡಬಾರದು ಅಂತ ಒಬ್ಬಳು ಪಟ್ಟು ಹಿಡಿದಳು.

ಅವಳು ಹಿಡಿದದ್ದು ಒಳ್ಳೆಯದಾಯಿತು. ಜೂಲಿಪ್‌ನಲ್ಲಿ ಒಂದು ಚಾನೆಲ್‌ನೊಳಗೆ ಬರೆಯುವ ಮಾತಿಗೆ ಒಂದು ವಿಷಯದ ಹೆಸರು ಇರುತ್ತದೆ. ಅವರು ಅದನ್ನು ಟಾಪಿಕ್ ಅನ್ನುತ್ತಾರೆ. ಮೊದಲೆರಡು ದಿನ ಇದು ಕಿರಿಕಿರಿ. "ಸರಿ" ಅಂತ ಒಂದು ಪದ ಬರೆಯಲೂ ಟಾಪಿಕ್ ಯಾವುದು ಅಂತ ನೋಡಬೇಕು. ಮೂರನೇ ದಿನ ನಾನು ಅರ್ಧ ದಿನ ರಜೆ ಇದ್ದೆ. ಸಂಜೆ ಬಂದು ತೆರೆದರೆ 140 ಮೆಸೇಜ್. ಬೇರೆ ಆಪ್‌ನಲ್ಲಾಗಿದ್ದರೆ ಮೇಲಿಂದ ಕೆಳಗೆ ಎಲ್ಲವನ್ನೂ ಓದಬೇಕಿತ್ತು. ಇಲ್ಲಿ ಅವು ಏಳು ಟಾಪಿಕ್ ಆಗಿ ನಿಂತಿದ್ದವು. ಎರಡು ನನಗೆ ಸಂಬಂಧಪಟ್ಟವು. ಹತ್ತು ನಿಮಿಷದಲ್ಲಿ ಓದಿ ಉತ್ತರ ಬರೆದೆ. ಎರಡು ವರ್ಷದ ಹಿಂದಿನ ಆ ಡೇಟಾಬೇಸ್ ತೊಡಕು ಇಲ್ಲಿ ಬಂದಿದ್ದರೆ, ಅದೇ ಹೆಸರಿನ ಟಾಪಿಕ್ ಒಂದರಲ್ಲಿ ಮೊದಲಿಂದ ಕೊನೆಯವರೆಗೂ ಒಟ್ಟಿಗೆ ಕೂತಿರುತ್ತಿತ್ತು.

ಇದರ ಹಿನ್ನೆಲೆಯೂ ನನಗೆ ಇಷ್ಟವಾಯಿತು. 2014ರಲ್ಲಿ ಡ್ರಾಪ್‌ಬಾಕ್ಸ್ ಇದನ್ನು ಕೊಂಡಿತು, 2015ರಲ್ಲಿ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಆ ಕೋಡ್ ಇವತ್ತಿಗೂ ಪೂರ್ತಿ ತೆರೆದೇ ಇದೆ. ಭಾರ ಮಾತ್ರ ಸ್ವಲ್ಪ ಜಾಸ್ತಿ. ಪೋಸ್ಟ್‌ಗ್ರೆಸ್, ರ‍್ಯಾಬಿಟ್ಎಂಕ್ಯು, ರೆಡಿಸ್, ಮೆಮ್‌ಕ್ಯಾಶ್‌ಡ್ ಅನ್ನೋ ಜೊತೆಯ ತಂತ್ರಾಂಶಗಳೆಲ್ಲ ಬೇಕು, ಕಡಿಮೆ ಅಂದರೂ 2 ಜಿಬಿ ಮೆಮೊರಿ ಕೇಳುತ್ತದೆ. ಹಾಕುವ ಸ್ಕ್ರಿಪ್ಟ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ, ಆದರೆ ಸರ್ವರ್ ಪೂರ್ತಿ ಅದಕ್ಕೇ ಬಿಟ್ಟುಕೊಡೋದು ಒಳ್ಳೆಯದು. ಇನ್ನೊಂದು ಮಾತು. ಅದರ ಹುಡುಕಾಟ ಮೊದಲಿಗೆ ಇಂಗ್ಲಿಷಿಗೆ ಹೊಂದಿಸಿದ್ದು. ಬೇರೆ ಭಾಷೆಯಲ್ಲಿ ಬರೆಯುವವರು ಪಿಜಿಗ್ರೂಂಗಾ ಅನ್ನೋ ಹುಡುಕಾಟದ ಸೇರ್ಪಡೆಯನ್ನು ಜೊತೆಗೆ ಹಾಕಿಕೊಳ್ಳಬೇಕು. ನಾವು ಹಾಕಿಕೊಂಡೆವು.

ಜೂಲಿಪ್ಪೇ ಇರಲಿ, ಮನೆಯವರನ್ನೂ ಇದಕ್ಕೇ ಕರೆದರಾಯಿತು ಅಂತ ಬಹುತೇಕ ತೀರ್ಮಾನಿಸಿದ್ದೆ. ಅಮ್ಮನಿಗೆ, ತಂಗಿಗೆ ಒಂದು ಚಾನೆಲ್ ಮಾಡಿ ಆಗಿತ್ತು. ಆಗ ಆ ರಾತ್ರಿ ಬಂತು.

ಬ್ಯಾಕಪ್ ಸರಿಯಾಗಿದೆಯಾ ಅಂತ ನೋಡಲು ಕೂತಿದ್ದೆ. ಮರಳಿ ಏಳಿಸಿ ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ಜೂಲಿಪ್‌ನ ಬ್ಯಾಕಪ್ ಕಮಾಂಡ್ ಎಲ್ಲವನ್ನೂ ಒಂದೇ ಫೈಲ್ ಮಾಡಿ ಕೊಡುತ್ತದೆ. ಅದನ್ನು ಬೇರೆ ಯಂತ್ರದಲ್ಲಿ ಏಳಿಸಲು ಜೂಲಿಪ್‌ನ ಅದೇ ಆವೃತ್ತಿ ಇರಬೇಕು. ಹಾಕಿದೆ, ಎದ್ದಿತು. ಎಲ್ಲ ಮೆಸೇಜ್ ಬಂದಿವೆಯಾ ಅಂತ ಡೇಟಾಬೇಸ್ ಒಳಗೆ ಹೋಗಿ ಮೆಸೇಜ್‌ಗಳ ಟೇಬಲ್ ಎಣಿಸಿದೆ. ಲೆಕ್ಕ ಸರಿ ಇತ್ತು. ಕೊನೆಯ ಮೆಸೇಜ್‌ವರೆಗೂ ಬಂದಿದೆಯಾ ಅಂತ ಕೊನೆಯ ಹತ್ತು ಸಾಲು ತೋರಿಸು ಅಂತ ಕೇಳಿದೆ.

ಹತ್ತು ಸಾಲು ಬಂದವು. ಏಳನೆಯದು ಇಬ್ಬರು ಸಹೋದ್ಯೋಗಿಗಳ ನಡುವಿನ ನೇರ ಮೆಸೇಜ್. "ಅಪ್ಪನ ರಿಪೋರ್ಟ್ ಬಂತು. ಚೆನ್ನಾಗಿಲ್ಲ. ಯಾರಿಗೂ ಹೇಳಬೇಡ, ನನಗೇ ಇನ್ನೂ ಧೈರ್ಯ ಬಂದಿಲ್ಲ."

ಟರ್ಮಿನಲ್ ಮುಚ್ಚಿದೆ. ಕಪ್ಪು ಪರದೆಯ ಮೇಲಿನ ಆ ಬಿಳಿ ಅಕ್ಷರಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ.

ನಾನು ಹುಡುಕಿಕೊಂಡು ಹೋಗಿ ಓದಿರಲಿಲ್ಲ. ಆದರೆ ಓದಿದ್ದೆ. ಜೂಲಿಪ್‌ನಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇಲ್ಲ, ಮ್ಯಾಟರ್‌ಮೋಸ್ಟ್‌ನಲ್ಲೂ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಹುಡುಕಾಟ ಚೆನ್ನಾಗಿರೋದೇ ಅದರಿಂದ. ಸರ್ವರ್‌ಗೆ ಓದಲು ಬಂದರೆ ತಾನೇ ಅದು ಹುಡುಕಿಕೊಡೋದು. ಗೊತ್ತಿದ್ದರೂ, ಆ ಸರ್ವರ್‌ನಲ್ಲಿ ಎಲ್ಲವನ್ನೂ ತೆರೆಯಬಲ್ಲ ರೂಟ್ ಪಾಸ್‌ವರ್ಡ್ ಇರೋದು ನನ್ನ ಹತ್ತಿರ ಅನ್ನೋದನ್ನು ನಾನು ಕೂತು ಯೋಚಿಸಿರಲಿಲ್ಲ. ಎಲ್ಲರಿಗೂ "ಆ ಕಂಪನಿಯನ್ನು ಯಾಕೆ ನಂಬಬೇಕು, ನಮ್ಮ ಮಾತು ನಮ್ಮ ಹತ್ತಿರ ಇರಲಿ" ಅಂತ ಹೇಳಿದ್ದೆ. ಅವರು ಒಪ್ಪಿದ್ದರು. ಅದರ ಅರ್ಥ ಅವರ ಮಾತೆಲ್ಲ ನನ್ನ ಹತ್ತಿರ ಇರಲಿ ಅಂತ ಆಗಿತ್ತು. ಅದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಮೊದಲಿದ್ದ ಕಂಪನಿಯಲ್ಲಿ ನಮ್ಮ ಮೆಸೇಜ್ ನೋಡಬಲ್ಲವನು ಯಾರೋ ಗೊತ್ತಿಲ್ಲದವನು. ಇಲ್ಲಿ ನೋಡಬಲ್ಲವನು ಪಕ್ಕದ ಮೇಜಿನಲ್ಲಿ ಕೂರುವ ನಾನು. ಅವರ ರಜೆಗೆ ಸಹಿ ಹಾಕುವವನೂ ನಾನೇ. ನನ್ನ ಹಾಳೆಯಲ್ಲಿ ಇಲ್ಲದ ಪ್ರಶ್ನೆ ಇದು. ಬೀಗದ ಕೈ ಯಾರ ಹತ್ತಿರ ಇರುತ್ತದೆ?

ಮರುದಿನ ಆ ಮೆಸೇಜ್ ಬರೆದ ಹುಡುಗನ ಹತ್ತಿರ ಹೋಗಿ ಆದದ್ದನ್ನು ಹೇಳಿದೆ. ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಗೊತ್ತಾದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಮುಂದಿನ ವಾರ ರಜೆ ಬೇಕು" ಅಂದ. ಸಿಟ್ಟಾಗಲಿಲ್ಲ. ಆದರೆ ಒಂದು ಮಾತು ಹೇಳಿದ: "ಇದು ನಿಮಗೆ ಕಾಣಿಸುತ್ತೆ ಅಂತ ಗೊತ್ತಿದ್ದರೆ ಅಲ್ಲಿ ಬರೆಯುತ್ತಿರಲಿಲ್ಲ."

ಆ ಮಾತಿನಿಂದಲೇ ಉಳಿದದ್ದೆಲ್ಲ ತೀರ್ಮಾನವಾಯಿತು. ಎಲ್ಲರನ್ನೂ ಕೂರಿಸಿ ಡೇಟಾಬೇಸ್ ತೆರೆದು ತೋರಿಸಿದೆ. ನನ್ನದೇ ಮೆಸೇಜ್‌ಗಳನ್ನು ತೆಗೆದು, ನೋಡಿ ಹೀಗೆ ಕಾಣಿಸುತ್ತದೆ ಅಂದೆ. ಇಬ್ಬರಿಗೆ ಆಶ್ಚರ್ಯವಾಯಿತು. ಪಾಸ್‌ವರ್ಡ್ ಇದೆಯಲ್ಲ, ಅದರಿಂದ ಎಲ್ಲ ಮುಚ್ಚಿರುತ್ತದೆ ಅಂತ ಅವರು ಅಂದುಕೊಂಡಿದ್ದರು. ಜೂಲಿಪ್ ಬಿಡೋಣವಾ ಅಂತ ಕೇಳಿದೆ. ಬೇಡ ಅಂದರು. ಕೆಲಸದ ಮಾತು ಹುಡುಕಿದರೆ ಸಿಗಬೇಕು, ಹೊಸಬರಿಗೆ ಕಾಣಬೇಕು, ಒಬ್ಬರು ಕೆಲಸ ಬಿಟ್ಟರೂ ಅವರು ಬರೆದದ್ದು ಉಳಿಯಬೇಕು. ಅದಕ್ಕೆ ಈ ತೆರೆದ ಬಾಗಿಲು ಬೇಕೇ ಬೇಕು. ತೆರೆದಿದೆ ಅಂತ ಎಲ್ಲರಿಗೂ ಗೊತ್ತಿದ್ದರೆ ಆಯಿತು.

ಒಂದು ಪುಟದ ಒಪ್ಪಂದ ಬರೆದೆವು. ರೂಟ್ ಇಬ್ಬರ ಹತ್ತಿರ ಇರುತ್ತದೆ. ಡೇಟಾಬೇಸ್ ಒಳಗೆ ಹೋದವರು ಯಾಕೆ ಹೋದೆ ಅಂತ ಅದೇ ದಿನ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬ್ಯಾಕಪ್ ಫೈಲ್ ಎನ್‌ಕ್ರಿಪ್ಟ್ ಮಾಡಿ ಇಡಬೇಕು. ಬ್ಯಾಕಪ್ ಪರೀಕ್ಷೆಯಲ್ಲಿ ಮೆಸೇಜ್‌ಗಳ ಲೆಕ್ಕ ಮತ್ತು ತಾರೀಕು ಮಾತ್ರ ನೋಡಬೇಕು, ಮಾತು ತೆರೆಯಬಾರದು. ಅದಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಆ ರಾತ್ರಿಯೇ ಬರೆಯಬೇಕಿತ್ತು. ಈ ಪುಟ ಜೂಲಿಪ್‌ನಲ್ಲಿ ಹೊಸದಾಗಿ ಸೇರುವವರಿಗೆ ಮೊದಲು ಕಾಣುವ ಟಾಪಿಕ್.

ಮನೆಗೆ ಇದು ಆಗುವುದಿಲ್ಲ ಅನ್ನೋದೂ ಅಂದೇ ತೀರ್ಮಾನವಾಯಿತು. ಅಮ್ಮ ತಂಗಿಗೆ ಏನು ಬರೆಯುತ್ತಾಳೋ ಅದು ನನಗೆ ಕಾಣಬಾರದು. ಕಂಡರೂ ನೋಡುವುದಿಲ್ಲ ಅನ್ನೋ ಭರವಸೆ ಸಾಲದು. ಕಾಣಲೇಬಾರದು.

ಅದಕ್ಕೆ ತಿರುಗಿ ನೋಡಿದ್ದು ಎಕ್ಸ್‌ಎಂಪಿಪಿ ಕಡೆಗೆ. ಅದೂ ಮೆಸೇಜ್ ಸಾಗಿಸುವ ಒಂದು ತೆರೆದ ಪದ್ಧತಿ. 1999ರಲ್ಲಿ ಜ್ಯಾಬರ್ ಅನ್ನೋ ಹೆಸರಿನಲ್ಲಿ ಹೊರಬಂದದ್ದು, 2004ರಲ್ಲಿ ಇಂಟರ್ನೆಟ್ ಮಾನದಂಡವಾದದ್ದು. ಹಳೆಯದು ಅಂತ ನಾನೇ ಮೊದಲ ವಾರ ಕಡೆಗಣಿಸಿದ್ದೆ. ಇವತ್ತಿನ ಫೋನ್‌ಗಳಿಗೆ ಬೇಕಾದದ್ದೆಲ್ಲ ಅದರ ಮೇಲೆ ಒಂದೊಂದಾಗಿ ಸೇರಿದೆ. ಒಮೆಮೊ ಅನ್ನೋ ಎನ್‌ಕ್ರಿಪ್ಷನ್ ಇದೆ, ಸಿಗ್ನಲ್‌ನ ವಿಧಾನವನ್ನೇ ಆಧರಿಸಿದ್ದು. ಸರ್ವರ್‌ಗೆ ಸ್ನಿಕೆಟ್ ಹಾಕಿದೆ. ಅದರೊಳಗೆ ಪ್ರೊಸೊಡಿ ಅನ್ನೋ ಎಕ್ಸ್‌ಎಂಪಿಪಿ ಸರ್ವರ್, ಕರೆಗಳಿಗೆ ಬೇಕಾದದ್ದು, ಸರ್ವರ್ ನಿಜವಾದದ್ದೇ ಅಂತ ಫೋನ್‌ಗೆ ತೋರಿಸುವ ಸರ್ಟಿಫಿಕೇಟ್, ಎಲ್ಲ ಸೇರಿಸಿಯೇ ಕೊಡುತ್ತಾರೆ. ಆಹ್ವಾನದ ಲಿಂಕ್ ಒಂದನ್ನು ಕಳಿಸಿದರೆ ಸಾಕು. ಅಮ್ಮ ಲಿಂಕ್ ಒತ್ತಿದಳು, ಆಪ್ ಹಾಕಿಕೊಂಡಳು, ಒಂದು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟಳು. ಫೋನ್ ನಂಬರ್ ಯಾರೂ ಕೇಳಲಿಲ್ಲ. ನಾನು ಆಗ ಪಕ್ಕದ ಕೋಣೆಯಲ್ಲಿದ್ದೆ. ಅವಳಿಂದ "ಬಂದೆ" ಅಂತ ಮೆಸೇಜ್ ಬಂತು.

ಇದರಲ್ಲೂ ನನಗೆ ಏನೂ ಕಾಣುವುದಿಲ್ಲ ಅಂತಲ್ಲ. ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋದು ಸರ್ವರ್‌ಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ತಲುಪಿಸೋದು ಹೇಗೆ? ಆರೂ ಜನರಿಗೆ ಇದನ್ನು ಮೊದಲೇ ಹೇಳಿದೆ. ಮಾತು, ಫೋಟೊ ಕಾಣುವುದಿಲ್ಲ. ಅವೂ ಸರ್ವರ್‌ನಲ್ಲಿ ಜಾಸ್ತಿ ದಿನ ಇರುವುದಿಲ್ಲ. ಸ್ನಿಕೆಟ್‌ನಲ್ಲಿ ನಾವು ಏನೂ ಬದಲಿಸದಿದ್ದರೆ ಏಳು ದಿನ, ಆಮೇಲೆ ಅಳಿಸಿಹೋಗುತ್ತವೆ. ಉಳಿಯೋದು ಅವರವರ ಫೋನ್‌ನಲ್ಲಿ.

ಎರಡು ತೊಂದರೆ ಬಂದವು. ಎರಡೂ ನಾನೇ ಮಾಡಿಕೊಂಡದ್ದು. ತಂಗಿಗೆ ವಿಡಿಯೊ ಕರೆ ಮಾಡಿದರೆ ರಿಂಗ್ ಆಗುತ್ತಿತ್ತು, ಅವಳು ಎತ್ತುತ್ತಿದ್ದಳು, ಆಮೇಲೆ ಏನೂ ಇಲ್ಲ. ದನಿಯೂ ಇಲ್ಲ, ಚಿತ್ರವೂ ಇಲ್ಲ. ಇಬ್ಬರೂ ಒಂದೇ ವೈಫೈನಲ್ಲಿದ್ದರೆ ಚೆನ್ನಾಗಿ ನಡೆಯುತ್ತಿತ್ತು. ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದ್ದಾಗ ಎರಡು ಫೋನ್‌ಗಳು ಎಷ್ಟೋ ಸಲ ನೇರ ಒಂದನ್ನೊಂದು ಮುಟ್ಟಲಾರವು. ಆಗ ನಡುವೆ ಟರ್ನ್ ಸರ್ವರ್ ದನಿಯನ್ನು ದಾಟಿಸಬೇಕು. ಪೋರ್ಟ್ ಅಂದರೆ ಸರ್ವರ್‌ನ ಒಂದೊಂದು ನಂಬರಿನ ಬಾಗಿಲು. ಅದಕ್ಕೆ 3478ರ ಜೊತೆಗೆ 49152ರಿಂದ ಮೇಲಿನ ಯುಡಿಪಿ ಪೋರ್ಟ್‌ಗಳೂ ಬೇಕು. ಆ ಸಾಲನ್ನು, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ, ನಾನು ತೆರೆದಿರಲಿಲ್ಲ.

ಇನ್ನೊಂದು ಸರ್ಟಿಫಿಕೇಟ್. ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ನಾವು ಪಡೆದದ್ದು 90 ದಿನ ನಡೆಯುತ್ತದೆ, ಅಷ್ಟರೊಳಗೆ ತಾನಾಗಿ ಹೊಸದಾಗಬೇಕು. ಹೊಸದಾಗುವಾಗ ಡೊಮೇನ್ ನಮ್ಮದೇ ಅಂತ ಪೋರ್ಟ್ 80ರಲ್ಲಿ ಬಂದು ನೋಡುತ್ತಾರೆ. ಸುರಕ್ಷತೆ ಹೆಚ್ಚಿಸೋಣ ಅಂತ ನಾನು ಪೋರ್ಟ್ 80 ಮುಚ್ಚಿದ್ದೆ. ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಆರೂ ಫೋನ್ ಒಟ್ಟಿಗೆ ಸರ್ವರ್ ಬಿಟ್ಟವು. ಚಿಕ್ಕಪ್ಪ ಅವತ್ತು ಪ್ರಯಾಣದಲ್ಲಿದ್ದರು. ತಲುಪಿದೆ ಅಂತ ಅವರು ಬರೆದ ಮೆಸೇಜ್ ಬರಲಿಲ್ಲ. ಅಮ್ಮ ಮಧ್ಯಾಹ್ನದವರೆಗೂ ಕಾದಳು. ಪೋರ್ಟ್ ತೆರೆದ ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು. ಆದರೆ ಆ ಅರ್ಧ ದಿನ ಅವಳು ಪಟ್ಟ ಚಿಂತೆ ನನ್ನ ಲೆಕ್ಕಕ್ಕೆ ಸೇರಿದ್ದು. ಈಗ ಸರ್ಟಿಫಿಕೇಟ್ ಮುಗಿಯಲು 20 ದಿನ ಇರುವಾಗಲೇ ನನಗೂ ತಂಗಿಗೂ ಇಮೇಲ್ ಬರುವಂತೆ ನಾನೇ ಮಾಡಿಟ್ಟಿದ್ದೇನೆ. ಪೋರ್ಟ್ 80ರ ಸಾಲಿನ ಪಕ್ಕ "ಮುಚ್ಚಬೇಡ" ಅಂತ ಬರೆದಿಟ್ಟಿದ್ದೇನೆ.

ಕಳೆದ ತಿಂಗಳು ಅಮ್ಮನಿಗೆ ಹೊಸ ಫೋನ್ ಬಂತು. ನನಗೆ ಭಯ ಇದ್ದದ್ದು ಈ ದಿನದ ಬಗ್ಗೆಯೇ. ಒಮೆಮೊದಲ್ಲಿ ಹೊಸ ಫೋನ್‌ಗೆ ಹಳೆಯ ಮೆಸೇಜ್ ತೆರೆಯಲು ಬರುವುದಿಲ್ಲ, ಸರ್ವರ್‌ನಲ್ಲೂ ಏಳು ದಿನಕ್ಕಿಂತ ಹಿಂದಿನದು ಇಲ್ಲ. ಸುಮ್ನೆ ಲಾಗಿನ್ ಆಗಿದ್ದರೆ ಮತ್ತೆ ಅದೇ ಕಥೆ. ಹಾಗಾಗಿ ಮೊದಲೇ ಅವಳಿಗೆ ಬ್ಯಾಕಪ್ ಕಲಿಸಿದ್ದೆ. ಆಪ್ ಒಳಗೆ ಹೋಗಿ ಬ್ಯಾಕಪ್ ಒತ್ತಿದರೆ ಒಂದು ಫೈಲ್ ಆಗುತ್ತದೆ. ಅದನ್ನು ತೆರೆಯಲು ಅವಳ ಖಾತೆಯ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಅವಳೇ ಇಟ್ಟದ್ದು, ಅವಳ ನೋಟ್‌ಬುಕ್‌ನಲ್ಲಿದೆ. 48 ಅಕ್ಷರ ಇಲ್ಲ, ಅವಳಿಗೆ ನೆನಪಿರುವ ನಾಲ್ಕು ಪದ.

ಫೈಲನ್ನು ಹೊಸ ಫೋನ್‌ಗೆ ಹಾಕಿದೆವು. ಹಳೆಯ ಫೋನ್‌ನಲ್ಲಿ ಆಪ್ ಮುಚ್ಚಿದೆವು, ಒಂದೇ ಕೀಲಿ ಎರಡು ಕಡೆ ಒಟ್ಟಿಗೆ ನಡೆದರೆ ಎನ್‌ಕ್ರಿಪ್ಷನ್ ಕೆಡುತ್ತದೆ. ಪಾಸ್‌ವರ್ಡ್ ಕೇಳಿತು. ನಾನು ಆಚೆ ತಿರುಗಿ ಕೂತೆ, ಅವಳು ನಿಧಾನಕ್ಕೆ ಟೈಪ್ ಮಾಡಿದಳು. ಮಾತೆಲ್ಲ ಬಂತು. ಫೋಟೊಗಳು ಆ ಫೈಲಿನಲ್ಲಿ ಬರುವುದಿಲ್ಲ, ಅವನ್ನು ಕೇಬಲ್ ಹಾಕಿ ಬೇರೆಯಾಗಿ ಸಾಗಿಸಬೇಕಾಯಿತು. ಅದಕ್ಕೆ ಇನ್ನೊಂದು ಗಂಟೆ.

ಅಮ್ಮ ಮೇಲಕ್ಕೆ ಸರಿಸುತ್ತಾ ಹೋದಳು. ಮೊದಲ ದಿನದ "ಬಂದೆ" ಸಿಕ್ಕಿತು. ಆಮೇಲೆ ತಂಗಿಯ ಹೆಸರು ಒತ್ತಿ ಏನೋ ಬರೆದಳು. ಬರೆಯುವಾಗ ಫೋನನ್ನು ಸ್ವಲ್ಪ ತನ್ನ ಕಡೆಗೆ ಓರೆ ಮಾಡಿಕೊಂಡಳು.

"ಅವಳಿಗೆ ಹೋಯ್ತಾ?" ಅಂತ ಕೇಳಿದಳು.

ಕೆಳಗೆ ಟಿಕ್ ಬಂದಿದೆಯಾ ನೋಡು ಅಂದೆ.

"ಬಂದಿದೆ."

ಹಾಗಾದರೆ ಹೋಯ್ತು ಅಂದೆ.